ಅಲ್ಲ, ಇಲ್ಲ

ಹಾಸನ, ಸಾಲಗಾಮೆ ರಸ್ತೆ, ಸೈಕಲ್ ಶಾಪಿನ ಮಹಡಿ.
ಮಂಗಳವಾರ ಮಧ್ಯಾಹ್ನ ಕೆಳಗೆ ಯಾರದೋ ಟ್ಯೂಬಿಗೆ ಗಾಳಿ,
ಮೇಲೆ ನಮಗೆ ಸ್ಪ್ಯಾನಿಷ್.
ಕಲಿಯುವವರು ಮೂವರು: ಟ್ಯಾಕ್ಸಿ ಮುನೀರ್,
ಬೇಲೂರಿನ ಲಾಡ್ಜಿನಲ್ಲಿ ಲೆಕ್ಕ ಬರೆಯುವ ತೀರ್ಥೇಗೌಡ,
ಹಳೇಬೀಡಿನಲ್ಲಿ ಕೊರಳಿಗೆ ಬಿಲ್ಲೆ ಹಾಕಿಕೊಂಡು ಗೈಡಾದ ನಾನು.
ಕಲಿಸುವವರು ಸಿಸ್ಟರ್ ಎಮರೆನ್ಸಿಯಾ,
ಪೆರುವಿನ ಗುಡ್ಡಗಳಲ್ಲಿ ಹತ್ತೊಂಬತ್ತು ವರ್ಷ ಸೂಜಿ ಚುಚ್ಚಿ
ಮಂಡಿ ಸವೆದ ಮೇಲೆ ಮರಳಿದವರು.

ಬೋರ್ಡಿನ ಮೇಲೆ ಎರಡು ಪದ: ಸೇರ್, ಎಸ್ತಾರ್.
ಎರಡಕ್ಕೂ ‘ಇರು’ ಅಂತಲೇ ಅರ್ಥ ಅಂದರು.
“ಒಂದು ಸೇರು, ಇನ್ನೊಂದು ಪಾವಾ?” ತೀರ್ಥೇಗೌಡ ನಕ್ಕ.
ಸಿಸ್ಟರ್ ನಗಲಿಲ್ಲ. “ಕಾಯಂ ಇರುವುದು ಸೇರ್,
ಬಂದುಹೋಗುವುದು ಎಸ್ತಾರ್. ಬರ್ಕೊಳ್ಳಿ.”
ಬರ್ಕೊಂಡೆವು.

ಆ ವಾರವೇ ಸಿಕ್ಕಿಬಿದ್ದೆ.
ಚಿಲಿಯ ಅಜ್ಜ, ಅಜ್ಜಿ, ಇಬ್ಬರಿಗೂ ಒಂದೇ ಕೊಡೆ,
ಜಗತಿಯ ಬಿಸಿಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಿದ್ದರು.
ಬೆಳಗಿಂದ ಒಬ್ಬ ಗಿರಾಕಿಯಿಲ್ಲದೆ ಬೇಜಾರಾಗಿತ್ತು
ಎನ್ನಲು ಹೋಗಿ ‘ಸೋಯ್ ಅಬುರ್ರಿದಾ’ ಅಂದೆ.
ಅಜ್ಜಿ ಕೊಡೆಯ ಹಿಂದೆ ಬಾಯಿ ಮುಚ್ಚಿಕೊಂಡಳು.
ನಾನು ಹೇಳಿದ್ದು: ನಾನು ಬೋರು ಹೊಡೆಸುವ ಹೆಂಗಸು.
ಹೇಳಬೇಕಿದ್ದದ್ದು ಎಸ್ತೋಯ್.
ಒಬ್ಬಳ ಸ್ವಭಾವಕ್ಕೂ
ಅವಳ ಒಂದು ಮಧ್ಯಾಹ್ನಕ್ಕೂ ಇರುವಷ್ಟು ಅಂತರ.

ಆದರೆ ಸಿಸ್ಟರ್,
ಒಂಬೈನೂರು ವರ್ಷದಿಂದ ಕದಲದ ಗುಡಿ
ಹಳೇಬೀಡಿನಲ್ಲಿ ‘ಎಸ್ತಾ’ ಅನ್ನುತ್ತೀರಲ್ಲ, ಅದೇನು ಬಂದುಹೋಗುತ್ತಾ?
ಸತ್ತವರಿಗೂ ಎಸ್ತಾರೇ ಅಂತೀರಿ,
ಸತ್ತವರು ಯಾವತ್ತು ಸಂಜೆ ಬಸ್ಸಿಗೆ ವಾಪಸ್ ಬಂದರು?
ಸಿಸ್ಟರ್ ಸುಣ್ಣದ ಬೆರಳು ಸೆರಗಿಗೆ ಒರೆಸಿ
“ನಾನೂ ಅವರನ್ನ ಕೇಳಿದ್ದೆ” ಅಂದು
ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು.

ಉತ್ತರ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನಲ್ಲಿ.
ಕಿಟಕಿಯ ಹೊರಗಿಂದ ಒಬ್ಬಳು, ಕಂಕುಳಲ್ಲಿ ಮಗು:
“ಜಾವಗಲ್ ಬಸ್ಸಾ?”
“ಅಲ್ಲ.”
“ಡ್ರೈವರು ಒಳಗಿದ್ದಾರಾ?”
“ಇಲ್ಲ.”
ಅಯ್ಯೋ, ಬಾಯಲ್ಲೇ ಇಟ್ಟುಕೊಂಡು ಊರೆಲ್ಲ ಹುಡುಕಿದೆನಲ್ಲ!
ಬೇಡವೆಂದು ನೋಡು. ‘ಅಲ್ಲ’ ಬಂದರೆ ಸೇರ್,
‘ಇಲ್ಲ’ ಬಂದರೆ ಎಸ್ತಾರ್.
ಮುನೀರ್ ಸೋಮಾರಿ ಅಲ್ಲ. ಮುನೀರಿಗೆ ಇವತ್ತು ಹುಷಾರಿಲ್ಲ.
ಈ ಕಲ್ಲು ನಂದಿಯಲ್ಲ. ನಂದಿ ಈ ಕಡೆ ಇಲ್ಲ.
ಎಲ್ಲ ಕಡೆ ನಡೆಯದ ನಾಣ್ಯ, ಒಪ್ಪಿದೆ;
ನನಗೆ ಬೇಲೂರಿನವರೆಗೆ ಸಾಕು.

‘ಕೇಳು’ ಮಾತ್ರ ಇನ್ನೂ ಕಾಡುತ್ತದೆ.
ನಾವು ಸಾಲ ಕೇಳುತ್ತೇವೆ, ದಾರಿ ಕೇಳುತ್ತೇವೆ,
ರೇಡಿಯೋ ಕೇಳುತ್ತೇವೆ, ಒಂದೇ ಚೊಂಬು ಎಲ್ಲಕ್ಕೂ.
ಅವರ ಅಡುಗೆಮನೆಯಲ್ಲಿ ಪಾತ್ರೆ ಬೇರೆ ಬೇರೆ:
ಬೇಡುವುದಕ್ಕೆ ಪೆದೀರ್, ಪ್ರಶ್ನೆಗೆ ಪ್ರೆಗುಂತಾರ್,
ಕಿವಿಗೆ ಎಸ್ಕುಚಾರ್.
ನಾನು ಅಜ್ಜನ ಬಳಿ ನೀರನ್ನು ವಿಚಾರಿಸಿದೆ.
ಪಾಪ, ಆತ ಬಾಟಲಿಯನ್ನೊಮ್ಮೆ ನೋಡಿ
ನೀರು ಚೆನ್ನಾಗಿದೆ ಅಂದ.

ರಾತ್ರಿ ಅಕ್ಕನ ಫೋನು ಹೊಡೆದುಕೊಂಡಿತು.
ಎರಡು ವರ್ಷದಿಂದ ಅದಕ್ಕೆ ನಾನೇ ರೀಚಾರ್ಜು.
ಯಾವುದೋ ಬ್ಯಾಂಕಿನ ಹುಡುಗ:
“ರತ್ನಮಾಲಾ ಮೇಡಂ ಇದ್ದಾರಾ?”
“ಇಲ್ಲ.”
“ತಾವು ಅವರೇನಾ?”
“ಅಲ್ಲ.”
“ಎಷ್ಟೊತ್ತಿಗೆ ಸಿಗ್ತಾರೆ?”
ಬೋರ್ಡಿನ ಎರಡೂ ಪದ ಮುಗಿದಿದ್ದವು. ಫೋನಿಟ್ಟೆ.

ಸರಿಯಾಗೇ ಹೇಳುತ್ತಾರೆ ಅವರು.
ಅಕ್ಕ ಇಲ್ಲ, ಅದು ಎಸ್ತಾರ್.
ಅಕ್ಕ ಅಕ್ಕನಲ್ಲ ಎನ್ನಲು
ಯಾವ ಭಾಷೆಯಲ್ಲೂ ನನ್ನ ನಾಲಿಗೆ ಹೊರಳದು.

ಮುಂದಿನ ಮಂಗಳವಾರ ‘ಹೋಗು’, ‘ಬರು’ ಅಂತೆ.
ಕರೆದರೆ ನಾವು ಕೂತಲ್ಲಿಂದಲೇ ‘ಬಂದೆ’ ಅಂತೀವಿ,
ಅವರು ‘ವೋಯ್’, ಹೋಗ್ತೀನಿ, ಅಂತಾರಂತೆ.
ಹೊಸಿಲು ದಾಟುವಾಗ ‘ಬರ್ತೀನಿ’ ಅಂತೀವಲ್ಲ,
ಆಸ್ಪತ್ರೆಯ ವ್ಯಾನಿನಿಂದ ಅಕ್ಕನೂ ಅಂದಳಲ್ಲ,
ಅದಕ್ಕೆ ಅವರಲ್ಲಿ ಏನಂತಾರೋ,
ಸಿಸ್ಟರನ್ನು ಕೇಳಬೇಕು.
ಪ್ರೆಗುಂತಾರ್. ಪೆದೀರ್ ಅಲ್ಲ.